ಪಿಎಸ್5 ತಗೋಬೇಕೋ, ಕ್ಲೌಡ್ ಗೇಮಿಂಗ್ ಸಾಕೋ? (ಕಲಬುರಗಿ, ಮನ್ಯಾಗ ಫೈಬರ್ ಅದ)

ಸೇಡಂರೋಡ್_ಅಣ್ಣ:
ನಮಸ್ಕಾರ್ರಿ. ನನ್ನ ತಮ್ಮ ಹತ್ತನೇತ್ತ ಪಾಸಾಗ್ಯಾನ. ಪಾಸಾದ್ರ ಪಿಎಸ್5 (ಸೋನಿಯವರ ಗೇಮ್ ಮಷೀನ್) ಕೊಡಸ್ತೀನಿ ಅಂತ ಅವ್ವನ ಮುಂದೇ ಮಾತು ಕೊಟ್ಟೀನಿ. ಈಗ ಆಫೀಸಿನ ಗೆಳೆಯಾ ಅಂತಾನ, "ಅಷ್ಟು ರೊಕ್ಕ ಯಾಕ ಸುರಿತಿ, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಕ್ಲೌಡ್ ಭಾರತಕ್ಕ ಬಂದದ, ಮಷೀನ್ ಬ್ಯಾಡ, ಆಟ ನೆಟ್ ಮ್ಯಾಲೇ ಬರ್ತದ, ಒಂದು ಕಂಟ್ರೋಲರ್ ಕೊಡ್ಸು, ತಿಂಗಳಾ ಕಟ್ಟು, ಟಿವ್ಯಾಗೇ ಆಡ್ಲಿ." ಹುಡುಗ ಆಡೋದು ಹೆಚ್ಚಾಗಿ ಕ್ರಿಕೆಟ್, ಫುಟ್‌ಬಾಲ್. ಕಥಿ ಇರೋ ದೊಡ್ಡ ಗೇಮ್ ಒಂದೊಂದ್ಸಲ. ಫೈಬರ್ 100 ಎಂಬಿಪಿಎಸ್ ಅದ. ಬ್ಯಾಸಗ್ಯಾಗ ಕರೆಂಟಿನ ಹಣೇಬರಾ ನಿಮಗ ಗೊತ್ತೇ ಅದ, ಆದ್ರ ಇನ್ವರ್ಟರ್ ಐತಿ. ಏನ್ ಮಾಡ್ಲಿ?

ಬೀದರ್_ಮಾಮಾ:
ತಮ್ಮಾ, ನಾನು ಬೀದರದಾಗ ಪಿಎಸ್2 ಕಾಲದಿಂದ ಗೇಮ್ ಅಂಗಡಿ ನಡಸ್ದಾಂವ. ತಾಸಿನ ಲೆಕ್ಕದಾಗ ರೊಕ್ಕ, ಕಾಲೇಜ್ ಹುಡುಗರ ಜಗಳ, ಎಲ್ಲಾ ನೋಡೀನಿ. ಎಲ್ಲಾರ ಕೈಯಾಗ ಮೊಬೈಲ್ ಬಂದ ಮ್ಯಾಲೆ ಅದೇ ಜಾಗದಾಗ ಝೆರಾಕ್ಸ್ ಮಷೀನ್ ಇಟ್ಟೀನಿ. (ಲಾಭ ಝೆರಾಕ್ಸಿನಾಗೇ ಜಾಸ್ತಿ, ಆ ಮಾತು ಬ್ಯಾರೆ.)

ನಿನ್ನ ಗೆಳೆಯಾ 100 ಎಂಬಿಪಿಎಸ್ ನೋಡಿ ಸಾಕು ಅಂದಿರಬೇಕು. ಖರೇನೇ, ಕ್ಲೌಡಿಗಿ 20 ಇದ್ರೂ ನಡೀತದ. ಆದ್ರ ಆಟ ಓಡೋದು ಎಲ್ಲೋ ದೂರದ ಸರ್ವರ್‌ನಾಗ. ಹುಡುಗ ಬಟನ್ ಒತ್ತಿದ್ದು ಅಲ್ಲಿಗಿ ಮುಟ್ಟಬೇಕು, ಅಲ್ಲಿ ಚಿತ್ರ ತಯಾರಾಗಿ ವಿಡಿಯೋ ಆಗಬೇಕು, ಅದು ತಿರುಗಿ ನಿನ್ನ ಟಿವಿಗಿ ಬರಬೇಕು. ಸೆಕೆಂಡಿಗಿ 60 ಫ್ರೇಮ್ (ಚಿತ್ರ) ತೋರ್ಸೋ ಆಟದಾಗ ಒಂದು ಫ್ರೇಮ್ ಇರೋದು 16.7 ಮಿಲಿಸೆಕೆಂಡ್ ಅಷ್ಟೇ. ಮೂರ್ನಾಕು ಫ್ರೇಮ್ ತಡಾದ್ರ ಕಥಿ ಆಟದಾಗ ಗೊತ್ತೂ ಆಗಂಗಿಲ್ಲ, ಕ್ರಿಕೆಟ್‌ನಾಗ ಬೌಲ್ಡ್. ಅದೂ ತಡ ಒಂದೇ ಸಮ ಇದ್ರ ಕೈ ಹೊಂದ್ಕೋತದ. ಒಂದು ಬಾಲಿಗಿ 30, ಮುಂದಿನ ಬಾಲಿಗಿ 120 ಮಿಲಿಸೆಕೆಂಡ್ ಆದ್ರ ಯಾವ ಕೈ ಹೊಂದ್ಕೊಳ್ಳಬೇಕು?

ಅದಕ್ಕ ಮೊದಲು ಒಂದು ಕೆಲಸ ಮಾಡು. ರಾತ್ರಿ 8ರಿಂದ 10, ಓಣಿಯವರೆಲ್ಲಾ ನೆಟ್ ಹಚ್ಚಿ ಕುಂತಾಗ, ಪಿಂಗ್ ಟೆಸ್ಟ್ (ನೆಟ್ ಮ್ಯಾಲೆ ಹೋಗಿ ಬರ್ಲಿಕ್ಕೆ ಎಷ್ಟು ತಡ ಅಂತ ಅಳಿಯೋದು) ಹಚ್ಚು. ಸರಾಸರಿ ನೋಡಬ್ಯಾಡ, ಎಲ್ಲಾಕಿಂತ ಹೆಚ್ಚು ಬಂದ ಅಂಕಿ ನೋಡು. ವೈಫೈ ಮ್ಯಾಲೆ ಒಮ್ಮೆ, ಲ್ಯಾನ್ ವಯರ್ ಹಾಕಿ ಒಮ್ಮೆ.

ಇನ್ನ ಕರೆಂಟ್. ಪಿಎಸ್5 ಆಡುವಾಗ ಸುಮಾರು 200 ವ್ಯಾಟ್ ತಿಂತದ, ಟಿವಿ ಸೇರ್ಸಿದ್ರೂ ಮನಿ ಇನ್ವರ್ಟರ್ ತಡೀತದ. ಆದ್ರ ಕ್ಲೌಡಿಗಿ ನಿನ್ನ ಇನ್ವರ್ಟರ್ ಸಾಲಂಗಿಲ್ಲಪಾ. ಓಣಿ ಕಂಬದ ಮ್ಯಾಲೆ ನೆಟ್‌ನವರ ಡಬ್ಬಿ ಇರ್ತದಲ್ಲ, ಅದಕ್ಕೂ ಕರೆಂಟ್ ಬೇಕು. ನಮ್ಮ ಓಣ್ಯಾಗ ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೇ ನೆಟ್ ಬಂದ್. ಮನ್ಯಾಗ ಫ್ಯಾನ್ ತಿರಗ್ತಿರ್ತದ, ರೌಟರಿನ ಕೆಂಪು ಲೈಟ್ ನೋಡ್ಕೋತ ಕುಂದ್ರಬೇಕು.

ನನ್ನ ಮಾತು: ಪಿಎಸ್5 ತಗೋ, ಡಿಸ್ಕ್ ಹಾಕೋದೇ ತಗೋ. ಡಿಜಿಟಲ್ ಎಡಿಷನ್ ಬ್ಯಾಡ, ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೂ ಡಿಸ್ಕ್ ಇಲ್ಲ. ಹೊಸಾ ಡಿಸ್ಕ್ ಸುಮಾರು 5,000, ಆದ್ರ ಆಡಿ ಮುಗಿಸಿ ಮಾರಬಹುದು, ಗೆಳೆಯಾರ ಜೋಡಿ ಅದಲಿ ಬದಲಿ ಮಾಡಬಹುದು. ನಮ್ಮ ಕಡಿ ಹುಡುಗರು ಹಂಗೇ ಆಡ್ತಾರ. ತಿಂಗಳಾ ಕಟ್ಟೋದ್ರಾಗ ಬೆಲೆ ಅವರ ಕೈಯಾಗ. 2025ರ ಅಕ್ಟೋಬರ್‌ದಾಗ ಅಮೆರಿಕಾದಾಗ ಎಕ್ಸ್‌ಬಾಕ್ಸಿನ ತಿಂಗಳಾ ಚಂದಾ, ಗೇಮ್ ಪಾಸ್ ಅಲ್ಟಿಮೇಟ್, 19.99 ಡಾಲರಿಂದ ಒಮ್ಮೆಗೇ 29.99 ಆತು. ಗೂಗಲ್‌ನವರ ಕ್ಲೌಡ್ ಗೇಮಿಂಗ್ ಸ್ಟೇಡಿಯಾ 2019ರ ನವೆಂಬರ್‌ದಾಗ ಶುರುವಾಗಿ 2023ರ ಜನವರಿ 18ಕ್ಕ ಬಾಗಲಾ ಹಾಕ್ತು. ಗೇಮಿನ ರೊಕ್ಕ ವಾಪಸ್ ಕೊಟ್ರು, ಇಲ್ಲಂತಲ್ಲ.

ಯಾದಗಿರಿ_ಹಾಸ್ಟೆಲ್:
ಮಾಮಾ, ಅರ್ಧ ಒಪ್ಪತೀನಿ. "ಡಿಸ್ಕ್ ಇದ್ರ ಆಟ ನಂದು" ಅನ್ನೋದು ಈಗ ಪೂರ್ತಿ ಖರೆ ಅಲ್ರಿ. ಯುಬಿಸಾಫ್ಟಿನ ದಿ ಕ್ರ್ಯೂ 2014ರ ಆಟ. 2024ರ ಮಾರ್ಚ್ 31ಕ್ಕ ಸರ್ವರ್ ಬಂದ್ ಮಾಡಿದ್ರು, ಡಿಸ್ಕ್ ಇದ್ದವರೂ ಆಡಂಗಿಲ್ಲ. ಮತ್ತ ಡಿಸ್ಕ್ ಹಾಕಿದ್ರೂ ಅಪ್‌ಡೇಟ್ ಇಳಿಸಬೇಕು, ರೊಕ್ಕ ಕೊಟ್ಟು ತಗೊಂಡ ಗೇಮ್ ಆನ್‌ಲೈನ್ ಆಡ್ಲಿಕ್ಕೆ ಪಿಎಸ್ ಪ್ಲಸ್ (ಸೋನಿಯವರ ಚಂದಾ) ಬೇಕೇ ಬೇಕು. ತಿಂಗಳಾ ಕಟ್ಟೋದು ಎಲ್ಲಿ ತಪ್ತು?

ನಂದು ಹಳೇ ಲ್ಯಾಪ್‌ಟಾಪು, ಮ್ಯಾಲೆ ಮೊಬೈಲ್ 5ಜಿ. ಪಿಎಸ್5 ತಗೊಳ್ಳೋ ತಾಕತ್ತೇ ಇಲ್ಲ. ಎಲ್ಲಾರೂ ಮಲಗಿದ ಮ್ಯಾಲೆ ಕಥಿ ಇರೋ ಗೇಮ್ ಕ್ಲೌಡಿನಾಗ ಚಂದ ಓಡ್ತದ. ಸೇರಲಿಲ್ಲಂದ್ರ ಅರ್ಧ ತಾಸಿಗೇ ಬಿಟ್ಟು ಇನ್ನೊಂದು. 100 ಜಿಬಿ ಇಳಿಸೋ ಕಾಟ ಇಲ್ಲ, ನಿಮ್ಮ 20 ಎಂಬಿಪಿಎಸ್‌ನಾಗ ಅದು ಇಳಿಲಿಕ್ಕೆ 11 ತಾಸು. ಆದ್ರ 4ಜಿ ಮ್ಯಾಲೆ ಆಡ್ಬ್ಯಾಡ್ರಿ. ಅದೇ ವೇಗದಾಗ ತಾಸಿಗಿ 9 ಜಿಬಿ ಹೋಗ್ತದ, ದಿನದ 2 ಜಿಬಿ ಪ್ಯಾಕ್ ಟಾಸ್ ಮುಗಿಯೋದ್ರಾಗ ಖಲಾಸ್.

ಬೀದರ್_ಮಾಮಾ:
ಕ್ರ್ಯೂದ್ದು ಖರೆ, ಸರ್ವರ್‌ಗೇ ಕಟ್ಟಿಹಾಕಿದ ಆಟಕ್ಕ ಡಿಸ್ಕ್ ಬರೇ ಬಿಲ್ಲೆ. ನಿನಗ ಕ್ಲೌಡೇ ಬರೋಬ್ಬರಿ, ಬಿಡು. ಆದ್ರ ಪ್ರಶ್ನೆ ಕೇಳಿದಾಂವ ಕ್ರಿಕೆಟ್ ಆಡೋ ತಮ್ಮಗ ಕೇಳ್ಯಾನ.

ಸೇಡಂರೋಡ್_ಅಣ್ಣ:
ಪಿಂಗ್ ಹಚ್ಚಿ ನೋಡಿದೆ ಮಾಮಾ. ವಯರ್ ಹಾಕಿದ್ರ ಸುಮಾರಿಗಿ ಚಲೋ ಅದ, ವೈಫೈದಾಗ ರಾತ್ರಿ 200 ಮಿಲಿಸೆಕೆಂಡ್ ದಾಟ್ತದ. ರೌಟರ್ ಹೊರಗಿನ ಕೋಣ್ಯಾಗ, ಟಿವಿ ಒಳಗ. ನಡು ಗ್ವಾಡಿ ಕೊರಿಲಿಕ್ಕೆ ಅಪ್ಪಾ ಬಿಡಂಗಿಲ್ಲ. ಪಿಎಸ್5ಗೇ ಮನಸು ಮಾಡೀನಿ. ಸೆಕೆಂಡ್ ಹ್ಯಾಂಡ್ ತಗೋಳೋದಾದ್ರ ಏನ್ ನೋಡ್ಲಿ? ಮುಂದಿನ ವಾರ ಹೈದರಾಬಾದಿಗಿ ಹೊಂಟೀನಿ.

ಬೀದರ್_ಮಾಮಾ:
ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗಿ ಹೋಗಿ ನೋಡು. ಒಂದು ಡಿಸ್ಕ್ ನೀನೇ ಒಯ್ಯಿ, ಅವರ ಡಿಸ್ಕಿನ ಮ್ಯಾಲೆ ನಂಬಬ್ಯಾಡ. ಹಾಕಿ ಅರ್ಧ ತಾಸು ಆಡು, ಫ್ಯಾನ್ ಚೀರ್ತದೇನು ಕೇಳು. ತೊಗರಿ ರಾಶಿ ದಿವಸದಾಗ ನಮ್ಮ ಕಡಿ ಧೂಳು ಹೆಂಗ ಕುಂದರ್ತದ ಗೊತ್ತಲ್ಲ, ಹಿಂದಿನ ಜಾಳಗಿ ಟಾರ್ಚ್ ಹಾಕಿ ನೋಡು. ಕಂಟ್ರೋಲರ್ ಸ್ಟಿಕ್ ಮುಟ್ಟದೇ ಇದ್ದಾಗ ಆಟಗಾರ ತಾನೇ ನಡದ್ರ ಬಿಟ್ಟು ಬಾ. ಅಂಗಡಿಯಾಗೇ ನಿನ್ನ ಅಕೌಂಟಿನಿಂದ ಲಾಗಿನ್ ಆಗು, ಬ್ಯಾನ್ ಆದ ಮಷೀನಾದ್ರ ಅಲ್ಲೇ ಗೊತ್ತಾಗ್ತದ. ಸ್ಲಿಮ್ ಮಾಡೆಲ್ ಕೊಟ್ರ ಡಿಸ್ಕ್ ಡ್ರೈವ್ ಬಿಚ್ಚಿ ಹಾಕೋದಿರ್ತದ. ಅದನ್ನ ಮೊದಲ ಸಲ ಜೋಡಸ್ಲಿಕ್ಕೆ ನೆಟ್ ಬೇಕು, ಅವರ ಮುಂದೇ ಜೋಡಿಸಿ ತೋರ್ಸು ಅನ್ನು. ಬಿಲ್ ಇಲ್ಲಂದ್ರ ಮುಂದಿನ ಅಂಗಡಿ.