ಆಳು, ಕೆಲಸಗಾರ, ಕೆಲಸಗಾರ್ತಿ: ಇರುವೆಗೆ ಯಾವುದು?

ಪದಾಸಕ್ತರಿಗೆ ನಮಸ್ಕಾರ.

ಇರುವೆ, ಕಣಜ, ಜೇನುಗಳ ಬಗ್ಗೆ ಮಕ್ಕಳಿಗಾಗಿ ಒಂದು ಪುಸ್ತಕ ಬರೆಯುತ್ತಿದ್ದೇನೆ. ಚಿತ್ರಗಳು ಕೈಗೆ ಬಂದಾಗ ನೋಡಿದರೆ, ‘ಸೈನಿಕ ಇರುವೆ’ಗೆ ಹುರಿ ಮಾಡಿದ ದಪ್ಪ ಮೀಸೆ! ಚಿತ್ರಕಾರರನ್ನು ದೂರುವಂತಿಲ್ಲ, ಸೈನಿಕ ಎಂದು ಬರೆದುಕೊಟ್ಟವನು ನಾನೇ. ಕೆಲಸಗಾರ ಇರುವೆ, ಸೈನಿಕ ಇರುವೆ ಎಂದು ಪಠ್ಯಗಳಲ್ಲಿ ಓದಿದ್ದನ್ನೇ ಬರೆದಿದ್ದೆ. ಆದರೆ ಇರುವೆಗೂಡಿನಲ್ಲಿ ದುಡಿಯುವವು, ಕಾದಾಡುವವು ಎಲ್ಲವೂ ಹೆಣ್ಣು. ಗಂಡುಗಳು ಕೂಡುವ ಕಾಲಕ್ಕೆ ಹುಟ್ಟಿ, ಹಾರಿ, ಕೂಡಿ, ಬೇಗನೆ ಸಾಯುತ್ತವೆ.

ಕನ್ನಡದ ವ್ಯಾಕರಣ ಇಲ್ಲಿ ತಪ್ಪು ಮಾಡುವುದಿಲ್ಲ ಎಂಬುದು ಸೋಜಿಗ. ‘ಇರುವೆ ಬಂದಿತು’ ಎಂದರೆ ಗಂಡೂ ಇಲ್ಲ, ಹೆಣ್ಣೂ ಇಲ್ಲ. ನಾವು ಮುಂದೆ ಅಂಟಿಸುವ ‘-ಗಾರ’ದಿಂದಲೇ ಮೀಸೆ ಮೂಡುವುದು. ‘ಕೆಲಸಗಾರರು’ ಎಂಬ ಬಹುವಚನದಲ್ಲಿ ಹೆಂಗಸರೂ ಸೇರುತ್ತಾರಲ್ಲ ಎಂದು ಒಬ್ಬ ಗೆಳೆಯರು ವಾದಿಸಿದರು. ಸೇರುತ್ತಾರೆ. ಆದರೆ ಏಕವಚನದ ‘ಕೆಲಸಗಾರ’ ಕೇಳಿದ ಮಗುವಿನ ಕಣ್ಣ ಮುಂದೆ ಬರುವುದು ಗಂಡಸೇ.

ಹೆಸರಿನಿಂದಾಗುವ ಈ ಎಡವಟ್ಟು ಹಳೆಯದು. ಜೇನುಗೂಡಿನ ದೊಡ್ಡ ಹುಳುವನ್ನು ಅರಿಸ್ಟಾಟಲ್ ‘ಅರಸ’ ಎಂದೇ ಕರೆದಿದ್ದ. ಹದಿನೇಳನೆಯ ಶತಮಾನದಲ್ಲಿ ಡಚ್ ವಿಜ್ಞಾನಿ ಸ್ವಾಮರ್‌ಡಾಮ್ ಆ ‘ಅರಸ’ನನ್ನು ಕೊಯ್ದು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ಅಂಡಾಶಯವನ್ನು ತೋರಿಸಿದ.

ಇದು ಬರೀ ಮರ್ಯಾದೆಯ ಪ್ರಶ್ನೆಯಾಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈ ಕೀಟಗಳ ವಿಕಾಸದ ಕಥೆಯೇ ಹೆಣ್ತನದ ಮೇಲೆ ನಿಂತಿದೆ. ಕೊಂಡಿಯನ್ನೇ ನೋಡಿ: ಅದು ಮೊಟ್ಟೆಯಿಡುವ ಕೊಳವೆಯ ಮಾರ್ಪಾಡು. ಹಾಗಾಗಿ ಕಣಜವಾಗಲಿ ಜೇನಾಗಲಿ, ಕುಟುಕುವುದು ಹೆಣ್ಣು ಮಾತ್ರ. ಇನ್ನು ಹುಟ್ಟಿನ ಲೆಕ್ಕ. ಗಂಡಿನೊಡನೆ ಸೇರದ ಮೊಟ್ಟೆಯಿಂದ ಗಂಡು, ಸೇರಿದ ಮೊಟ್ಟೆಯಿಂದ ಹೆಣ್ಣು. ಜೇನಿನಲ್ಲಿ ಗಂಡಿಗೆ 16 ವರ್ಣತಂತುಗಳು, ಹೆಣ್ಣಿಗೆ 32. ಜೇನಿನ ಗಂಡುಗಳ ಈ ಹುಟ್ಟನ್ನು 1845ರಲ್ಲಿ ಮುಂದಿಟ್ಟವರು ಜೇನು ಸಾಕುತ್ತಿದ್ದ ಪಾದ್ರಿ ಯೋಹಾನ್ ಜೀರ್ಜೋನ್. ಅಂದರೆ ಗಂಡಿಗೆ ಅಪ್ಪನಿಲ್ಲ, ಆದರೆ ತಾಯಿಯ ಕಡೆಯ ತಾತನಿದ್ದಾನೆ! ತಾಯಿ ಒಂದೇ ಗಂಡನ್ನು ಕೂಡಿದ್ದರೆ ಅಕ್ಕತಂಗಿಯರ ನಡುವೆ ವಂಶವಾಹಿಗಳ ನಂಟು ಮುಕ್ಕಾಲು ಪಾಲು. ತಾಯಿ ಮಗಳ ನಡುವೆ ಅರ್ಧವೇ. ತಾವು ಹೆರುವ ಬದಲು ತಂಗಿಯರನ್ನು ಸಾಕುವುದು ಏಕೆ ಎಂಬುದಕ್ಕೆ 1964ರಲ್ಲಿ ಬ್ರಿಟಿಷ್ ಜೀವವಿಜ್ಞಾನಿ ಹ್ಯಾಮಿಲ್ಟನ್ ಈ ಲೆಕ್ಕವನ್ನು ಹಿಡಿದರು. ಅದೊಂದೇ ಸಾಲದು ಎಂದು ಆಮೇಲೆ ತಿಳಿಯಿತು. ಆದರೂ ಈ ವಾದದಲ್ಲಿ ಅಕ್ಕತಂಗಿಯರ ಜಾಗದಲ್ಲಿ ‘ಕೆಲಸಗಾರ’ನನ್ನು ಕೂರಿಸಿದರೆ ಲೆಕ್ಕವೇ ಬುಡಮೇಲು.

ಹಾಗಾದರೆ ‘ಕೆಲಸಗಾರ್ತಿ’ ಎಂದು ಬರೆದರಾಯಿತಲ್ಲ? ಮೊದಲು ಹಾಗೆಯೇ ತಿದ್ದಿದೆ. ಅಷ್ಟರಲ್ಲಿ ಗೆದ್ದಲಿನ ಅಧ್ಯಾಯ ಬಂತು. ಗೆದ್ದಲು ಇರುವೆಯಲ್ಲ, ಜಿರಲೆಯ ಬಳಗದ್ದು. (ನಮಗೆ ಚೆಂದದ ‘ಗೆದ್ದಲು’ ಇರುವಾಗ ‘ಬಿಳಿ ಇರುವೆ’ಯನ್ನು ತರುವವರಿಗೆ ಏನನ್ನಬೇಕೋ.) ಗೆದ್ದಲಿನ ದುಡಿಮೆಯ ವರ್ಗದಲ್ಲಿ ಸಾಮಾನ್ಯವಾಗಿ ಗಂಡು ಹೆಣ್ಣು ಎರಡೂ ಇರುತ್ತವೆ. ಅಲ್ಲಿಗೆ ‘ಗಾರ್ತಿ’ ಸಲ್ಲದು.

ಈಗ ನನ್ನ ಮನಸ್ಸು ‘ಆಳು’ ಎಂಬುದರ ಕಡೆಗೆ ವಾಲಿದೆ. ಅದಕ್ಕೆ ಲಿಂಗವಿಲ್ಲ, ಬೇಕಾದಾಗ ಹೆಣ್ಣಾಳು, ಗಂಡಾಳು ಎನ್ನಬಹುದು. ಸೈನಿಕನ ಜಾಗಕ್ಕೆ ‘ಕಾಲಾಳು’ ಸಿದ್ಧವಾಗಿಯೇ ಇದೆ, ಕಾಲುಗಳಂತೂ ಆರಿವೆ. ಆಳು ಎಂದರೆ ಒಡೆಯನ ವಾಸನೆ ಬರುತ್ತದೆ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ಆ ವಾಸನೆ ‘ರಾಣಿ’ಯಲ್ಲೂ ಇದೆ, ಅದನ್ನು ಯಾರೂ ಬಿಡುತ್ತಿಲ್ಲ. ಜೀವವಿಜ್ಞಾನಿ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿದ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜದಲ್ಲಿ ರಾಣಿ ನೋಡಲು ಉಳಿದವುಗಳಂತೆಯೇ ಇರುತ್ತದೆ, ಬಹಳ ಸಾಧು. ಮೇವು ತರುವ ಕೆಲಸವನ್ನು ಉಳಿದ ಕಣಜಗಳು ತಾವೇ ಸರಿದೂಗಿಸಿಕೊಳ್ಳುತ್ತವೆ. ಆಳುಗಳೇ ಆಳುತ್ತವೆ! ನಾಮಪದವೂ ಕ್ರಿಯಾಪದವೂ ಒಂದೇ ರೂಪದಲ್ಲಿ ನಿಂತಿರುವ ಈ ಅನುಕೂಲ ಬೇರೆ ಯಾವ ಪದಕ್ಕಿದೆ?

‘ಬಂಜೆ ಹೆಣ್ಣು’ ಎಂಬ ವಿವರಣೆಯನ್ನು ಮಾತ್ರ ಪೂರ್ತಿ ಕೈಬಿಟ್ಟಿದ್ದೇನೆ. ಪದ ಚುಚ್ಚುವಂಥದ್ದು, ಸಂಗತಿಯೂ ತಪ್ಪು. ರಾಣಿಯಿಲ್ಲದ ಜೇನುಗೂಡಿನಲ್ಲಿ ಆಳುಗಳು ಮೊಟ್ಟೆಯಿಡುತ್ತವೆ, ಗಂಡು ಹುಟ್ಟುತ್ತದೆ. ಹಾರ್ಪೆಗ್ನೇಥಸ್ ಎಂಬ ಜಿಗಿಯುವ ಇರುವೆಯದು ಇನ್ನೂ ವಿಚಿತ್ರ. ರಾಣಿ ಸತ್ತರೆ ಆಳುಗಳು ತಲೆಯ ಮೇಲಿನ ಕುಡಿಮೀಸೆಗಳಿಂದ (ಆಂಟೆನಾ) ಒಂದನ್ನೊಂದು ಬಡಿಯುತ್ತ ದಿನಗಟ್ಟಲೆ ಸೆಣಸುತ್ತವೆ. ಗೆದ್ದವುಗಳ ಅಂಡಾಶಯ ಹಿಗ್ಗುತ್ತದೆ, ಮಿದುಳು ಸುಮಾರು ಶೇ. 20ರಷ್ಟು ಕುಗ್ಗುತ್ತದೆ, ಆಯುಸ್ಸು ತಿಂಗಳುಗಳಿಂದ ವರ್ಷಗಳಿಗೆ ಏರುತ್ತದೆ. ಆಳಾಗಬಲ್ಲವನು ಅರಸಾಗಬಲ್ಲ ಎಂಬ ಗಾದೆಯನ್ನು ಹೆಣ್ಣಿಗೆ ಹೊಂದಿಸಿಕೊಂಡರೆ ಇಲ್ಲಿ ಅಕ್ಷರಶಃ ನಿಜ. ಮೀಸೆ ಬರೆದ ಚಿತ್ರಕಾರರಿಗೆ ಇದನ್ನು ಹೇಳಿದೆ. ‘ಹಾಗಾದರೆ ಮೀಸೆ ಇರಲಿ, ಜಾಗ ಮಾತ್ರ ಬದಲಿಸುತ್ತೇನೆ’ ಎಂದು ನಕ್ಕರು.

ನನ್ನ ಪ್ರಶ್ನೆಗಳು ಎರಡು. ‘ಆಳಿರುವೆ’ ಎಂದು ಕೂಡಿಸಿ ಬರೆದರೆ ಮಕ್ಕಳಿಗೆ ‘ಆಳಿರುವೆ, ಆಳಿದ್ದೇನೆ’ ಎಂಬ ಗೊಂದಲವಾದೀತೇ? ‘ಆಳು-ಇರುವೆ’ ಎಂದು ಬಿಡಿಸುವುದು ಮೇಲೇ? ಎರಡನೆಯದು, ಹಾರ್ಪೆಗ್ನೇಥಸ್‌ನಲ್ಲಿ ಗೆದ್ದವುಗಳಂತೆ ಗಂಡನ್ನು ಕೂಡಿ ಮೊಟ್ಟೆಯಿಡುವ ಆಳನ್ನು ವಿಜ್ಞಾನದಲ್ಲಿ ‘ಗ್ಯಾಮರ್ಗೇಟ್’ ಎನ್ನುತ್ತಾರೆ. ಗ್ರೀಕ್ ಮೂಲದಲ್ಲಿ ಅದು ‘ಮದುವೆಯಾದ ದುಡಿಮೆಗಾರ’. ನಾನು ‘ತಾಯಾಳು’ ಎಂದು ಬರೆದಿದ್ದೇನೆ. ಇದಕ್ಕಿಂತ ಹಗುರವಾಗಿ ನಾಲಿಗೆಗೆ ಬರುವ ಪದ ನಿಮ್ಮಲ್ಲಿದ್ದರೆ ತಿಳಿಸಿ. ಅಚ್ಚಿಗೆ ಹೋಗಲು ಇನ್ನೂ ಸಮಯವಿದೆ.