ಮಣ್ಣೆತ್ತು ಒಣಗುವಾಗ ಬಿರುಕು ಬಿಡೋದ್ಯಾಕೆ?

ತೋಟದಮನೆ:
ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳ ಕೈಲಿ ಎತ್ತು ಮಾಡಿಸಬೇಕು ಅಂತಿದೆ. ಊರು ಬೆಂಗಳೂರು, ಮಕ್ಕಳು ಸುಮಾರು 20. ಧಾರವಾಡದ ಕಡೆಯಿಂದ ಬಂದ ಎರೆಮಣ್ಣಲ್ಲಿ ಮಾಡಿದರೆ ಹೊಟ್ಟೆ ಸೀಳುತ್ತೆ, ಕಾಲು ಬುಡದಲ್ಲೇ ಕಳಚುತ್ತೆ. ಇಲ್ಲಿನ ಕೆಮ್ಮಣ್ಣಾದರೆ ಕೊಂಬು ತೀಡುವಾಗಲೇ ಉದುರುತ್ತೆ. ಯಾವ ಮಣ್ಣು, ಎಷ್ಟು ಬೇಕು? ಕೊಂಬಿಗೆ ಒಳಗೆ ಕಡ್ಡಿ ಕೊಡಬಹುದಾ?

ತಿಗರಿ:
ಎರಡೂ ಮಣ್ಣಿನ ಗುಣವೇ ಹಾಗೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತೆ, ಒಣಗುವಾಗ ಅಷ್ಟೇ ಕುಗ್ಗುತ್ತೆ. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಡೋದೂ ಇದಕ್ಕೇ. ತೋಟದ ಕೆಮ್ಮಣ್ಣಲ್ಲಿ ಮರಳಿನ ಅಂಶ ಹೆಚ್ಚು, ಅಂಟು ಕಮ್ಮಿ. ಹಾಗಾಗಿ ಬೆರೆಸಿ: ಎರೆ ಎರಡು ಪಾಲು, ಜರಡಿ ಹಿಡಿದ ಕೆಮ್ಮಣ್ಣು ಒಂದು ಪಾಲು. ಕೆರೆಯ ಜೇಡಿಮಣ್ಣು ಸಿಕ್ಕರೆ ಅದೊಂದೇ ಸಾಕು, ಆದರೆ ಚರಂಡಿ ನೀರು ಸೇರುವ ಕೆರೆಯದ್ದು ಮಕ್ಕಳ ಕೈಗೆ ಬೇಡ.

ಮಣ್ಣನ್ನು ಒಣಗಿಸಿ ಕುಟ್ಟಿ, ಜರಡಿ ಹಿಡಿದು, ಮುಳುಗುವಷ್ಟು ನೀರಲ್ಲಿ ಒಂದು ರಾತ್ರಿ ನೆನೆಸಿ. ಮೇಲೆ ತೇಲುವ ಕಸ, ನೀರು ಬಸಿದು ಹಳೇ ಬಟ್ಟೆಯ ಮೇಲೆ ಹರಡಿ. ಕೈಗೆ ಮೆತ್ತದ ಹದಕ್ಕೆ ಬಂದಮೇಲೆ ಚೆನ್ನಾಗಿ ನಾದಿ. ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ ನೋಡಿ: ಬಿರಿದರೆ ನೀರು ಅಥವಾ ಅಂಟು ಕಮ್ಮಿ, ಬೆರಳಿಗೆ ಹತ್ತಿದರೆ ಇನ್ನೂ ಆರಬೇಕು.

ಗೇಣಿಗಿಂತ ಚಿಕ್ಕ ಎತ್ತಿಗೆ ಹಸಿ ಮಣ್ಣು ಅರ್ಧ ಕಿಲೋ ಹಿಡಿಯುತ್ತೆ. ಒಬ್ಬೊಬ್ಬರಿಗೆ ಒಂದು ಜೋಡಿ ಅಂದರೆ 20 ಕಿಲೋ. ಕೆಡಿಸಿ ಮಾಡೋದು ಇದ್ದೇ ಇರುತ್ತೆ, 25 ಇಟ್ಟುಕೊಳ್ಳಿ.

ಕಾಲು ಕಳಚೋದು ಬರೀ ನೀರು ಸವರಿ ಅಂಟಿಸಿದಾಗ. ಎರಡೂ ಕಡೆ ಕಡ್ಡಿಯಿಂದ ಗೀರಿ, ಅದೇ ಮಣ್ಣನ್ನು ಅಂಬಲಿಯಂತೆ ಕದಡಿ ಹಚ್ಚಿ, ಒತ್ತಿ, ಸಂದಿಗೆ ತೆಳ್ಳಗೆ ಹೊಸೆದ ಮಣ್ಣು ಸುತ್ತಿ ತೀಡಿ. ಅರ್ಧ ಒಣಗಿದ ಮೈಗೆ ಹಸಿ ಕಾಲು ಹಚ್ಚಿದರೆ ಏನು ಮಾಡಿದರೂ ನಿಲ್ಲೋಲ್ಲ. ಹೊಟ್ಟೆಯನ್ನು ಕೆಳಗಿನಿಂದ ಹೆಬ್ಬೆರಳಲ್ಲಿ ಒತ್ತಿ ಟೊಳ್ಳು ಮಾಡಿದರೆ ಸೀಳೋದು ಬಹುಮಟ್ಟಿಗೆ ನಿಲ್ಲುತ್ತೆ.

ಕಡ್ಡಿ ಬೇಡ. ಮಣ್ಣು ಕುಗ್ಗುತ್ತೆ, ಕಡ್ಡಿ ಕುಗ್ಗಲ್ಲ, ಕೊಂಬು ಉದ್ದಕ್ಕೂ ಸೀಳುತ್ತೆ. ಬುಡ ದಪ್ಪ ಇಟ್ಟು ಗಿಡ್ಡಗೆ ತೀಡಿ. ನೆರಳಲ್ಲಿ, ಫ್ಯಾನ್ ಇಲ್ಲದ ಕಡೆ ಒಣಗಿಸಿ. ಮೊದಲ ದಿನ ಕೊಂಬು, ಕಾಲಿಗೆ ಒದ್ದೆ ಬಟ್ಟೆ ಸುತ್ತಿರಲಿ. ಒಲೆಯಲ್ಲಿ ಸುಡೋ ಸಾಹಸ ಬೇಡ, ಒಳಗಿನ ಪಸೆ ಆವಿಯಾಗಿ ಸಿಡಿಯುತ್ತೆ.

ಎರೆಹೊಲ:
ಇಷ್ಟೆಲ್ಲಾ ಒಣಗಿಸೂದು ಯಾಕ್ರೀ? ಹಳ್ಳ್ಯಾಗ ಅವತ್ತ ಮಾಡಿ, ಹಸೀದ ಇದ್ದಾಗನ ಮಣಿ ಮ್ಯಾಲೆ ಕುಂದರಿಸಿ ಪೂಜಿ ಮಾಡ್ತಾರ, ಆಮ್ಯಾಲೆ ನೀರಿಗೆ ಬಿಡ್ತಾರ. ಬಿರುಕ ಬಿಡಾಕ ವ್ಯಾಳ್ಯಾನ ಇರೂದಿಲ್ಲ. ಮಕ್ಕಳಿಗೆ ಅಮಾಸಿ ದಿನಾ ಮುಂಜಾನೆ ಮಾಡಸ್ರಿ, ಅರ್ಧ ತಲಿಬ್ಯಾನಿ ಕಡಿಮಿ ಆಕ್ಕೈತಿ.

ಕಣ್ಣಿಗೆ ಕುಸುಬಿ ಕಾಳು ಇಲ್ಲಾ ಗುಲಗಂಜಿ ಒತ್ತತಾರ. ಅಪಾರ್ಟಮೆಂಟಿನ್ಯಾಗ ಗುಲಗಂಜಿ ಬ್ಯಾಡ್ರಿ, ಅದು ವಿಷ. ಸಣ್ಣ ಹುಡುಗ್ರು ಜಗದ್ರ ಜೀವಕ್ಕ ಕುತ್ತು. ಕುಸುಬಿ ಸಾಕು, ಹಸಿ ಇದ್ದಾಗ ಅರ್ಧ ಕಾಳು ಒಳಗ ಹೋಗೂವಂಗ ಒತ್ತಬೇಕು. ಮತ್ತ ಮುಂದ ಗ್ವಾದಲಿ ಮರೀಬ್ಯಾಡ್ರಿ! ಎತ್ತು ಮಾಡಿ ಮೇವಿನ ಗ್ವಾದಲಿ ಇಡದಿದ್ರ ಹೆಂಗ? ಇನ್ನೊಂದು ಐದಾರು ಕಿಲೋ ಮಣ್ಣು ಹೆಚ್ಚಿಗಿ ಹಿಡೀರಿ.

ತಿಗರಿ:
ಗ್ವಾದಲಿ ಲೆಕ್ಕದಲ್ಲಿ ಬಿಟ್ಟೇಹೋಗಿತ್ತು, ಹಾಗಾದರೆ 30 ಕಿಲೋ. ಅವತ್ತೇ ನೀರಿಗೆ ಬಿಡೋದಾದರೆ ಎರೆಹೊಲ ಅವರ ದಾರಿಯೇ ಸರಿ, ಆಗ ಕೊಂಬಿಗೆ ಕಡ್ಡಿಯೂ ಇರಲಿ. ನಾಲ್ಕು ದಿನ ಶೋಕೇಸಿನಲ್ಲಿ ಇಡೋರಿಗೆ ಮಾತ್ರ ನಾನು ಹೇಳಿದ್ದು.

ತೋಟದಮನೆ:
ಇಬ್ಬರಿಗೂ ಥ್ಯಾಂಕ್ಸ್. ಪೂಜೆ ಆದಮೇಲೆ ಬಕೆಟ್ಟಲ್ಲೇ ಕರಗಿಸ್ತೀವಿ. ಬಣ್ಣ? ಉಳಿದ ಮಣ್ಣು ಕೆಡುತ್ತಾ?

ಎರೆಹೊಲ:
ಬಕೆಟ್ಟಿನ್ಯಾಗ ಕರಗಸೂದಾದ್ರ ಪೇಂಟ್ ಹಚ್ಚಬ್ಯಾಡ್ರಿ. ಅರಿಷಿಣ, ಕುಂಕುಮ, ಕೆಮ್ಮಣ್ಣು ಭಾಳ ಆತು. ಸುಣ್ಣ ಕೈ ಸುಡತೈತಿ, ಅದನ್ನ ದೊಡ್ಡವ್ರ ಹಚ್ಚಲಿ. ಕರಗಿದ ಮಣ್ಣು ಕುಂಡಕ್ಕ ಹಾಕ್ರಿ. ಮುಟ್ಟದ ಉಳದದ್ದನ್ನ ಒದ್ದಿ ಗೋಣಿಚೀಲದಾಗ ಸುತ್ತಿ, ಪ್ಲಾಸ್ಟಿಕ್ ಚೀಲದಾಗ ಕಟ್ಟಿ ನೆರಳಿಗೆ ಇಡ್ರಿ. ವಾಸನಿ ಬಂದ್ರ ಕೆಟ್ಟೈತಿ ಅಂತ ಚೆಲ್ಲಬ್ಯಾಡ್ರಿ, ಹಳೇದಾದಷ್ಟೂ ಚಲೋ ತೀಡಾಕ ಬರ್ತೈತಿ. ಆಷಾಢದ ಮಂಗಳವಾರ ಪೂಜಿ ಮಾಡೂ ಮಣ್ಣಿನ ದೇವತಿ ಗುಳ್ಳವ್ವನ್ನ ಮಾಡಾಕ ಅದ ಮಣ್ಣ ಆಕ್ಕೈತಿ.