ಆಟದ ಕುದುರೆಗಳಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಮಾರಲಿ? ಸ್ಟಡ್ ಫಾರ್ಮ್ ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಿಜವಾದ ಕುದುರೆ ಬಗ್ಗೆ ಅಲ್ಲ, ಆಟದ ಬಗ್ಗೆ ಕೇಳ್ತಿದ್ದೇನೆ. ಬೈಯಬೇಡಿ. ಹೌರ್ಸ್ ಅಂತ ಬ್ರೌಸರ್ ಆಟ ಇದೆ, ಕುದುರೆ ಸಾಕೋದು, ಮರಿ ಹಾಕಿಸೋದು, ಸ್ಪರ್ಧೆಗೆ ಬಿಡೋದು. ನನ್ನ ಲಾಯ ತುಂಬಿ ಹೋಗಿದೆ. ಮೂರು ಕುದುರೆ ವಿಷಯದಲ್ಲಿ ತಲೆ ಓಡ್ತಿಲ್ಲ. ಒಂದು ಗಂಡು: ಬೇಕಾದಷ್ಟು ಸ್ಪರ್ಧೆ ಗೆದ್ದಿದೆ, ಬ್ಲಪ್ (ಮರಿ ಹಾಕಿಸೋಕೆ ಕುದುರೆ ಎಷ್ಟು ತಯಾರು ಅನ್ನೋ ಅಂಕ) 100 ಇದೆ, ಆದ್ರೆ ಹುಟ್ಟಿನಿಂದ ಬಂದ ಜಿಪಿ (ವಂಶದಿಂದ ಬಂದ ಸಾಮರ್ಥ್ಯದ ಅಂಕ) ಅಷ್ಟಕ್ಕಷ್ಟೇ. ಎರಡನೇದು ಅದರ ಮಗಳು: ಜಿಪಿ ಅಪ್ಪ ಅಮ್ಮ ಇಬ್ಬರಿಗಿಂತಲೂ ಜಾಸ್ತಿ, ಬ್ಲಪ್ ಇನ್ನೂ ಮೈನಸ್‌ನಲ್ಲಿದೆ. ಮೂರನೇದು ಆ ಮಗಳ ತಾಯಿ, ನಾನು ಮೊದಲು ಕೊಂಡ ಕುದುರೆ. ಯಾವುದರಿಂದ ಮರಿ ತೆಗೀಲಿ, ಯಾವುದನ್ನು ಮಾರಲಿ?

ಉತ್ತರ: ಬೈಯೋದ್ಯಾಕೆ? ನಮ್ಮ ಮನೆಯಲ್ಲೂ ಒಬ್ಬಳು ಇದನ್ನೇ ಆಡ್ತಾಳೆ. ಪಕ್ಕದಲ್ಲಿ ಕೂತು ನೋಡಿ ನೋಡಿ ನನಗೂ ರೂಢಿಯಾಗಿದೆ.

ಗಂಡು ಕುದುರೆಯಿಂದ ಶುರು ಮಾಡೋಣ. ಅದು ಗೆದ್ದಿದ್ದು ನೀವು ಕೊಟ್ಟ ತರಬೇತಿಯಿಂದ. ತರಬೇತಿ ಮರಿಗೆ ಇಳಿಯೋದಿಲ್ಲ, ಜಿಪಿ ಇಳಿಯುತ್ತೆ. ನಿಜವಾದ ಫಾರ್ಮ್‌ನಲ್ಲೂ ಇದೇ ಕಥೆ. ಒಳ್ಳೆ ಟ್ರೇನರ್, ಒಳ್ಳೆ ಜಾಕಿ, ಒಳ್ಳೆ ಮೇವು ಸಿಕ್ಕಿ ಗೆದ್ದ ಕುದುರೆ ಇರುತ್ತೆ. ಅದರ ಮರಿಗಳು ಅದೇ ತರ ಓಡ್ತವೆ ಅಂತ ಗ್ಯಾರಂಟಿ ಇಲ್ಲ. ಹಾಗಾಗಿ ಅದನ್ನು ಸ್ಪರ್ಧೆಗೇ ಇಟ್ಟುಕೊಳ್ಳಿ, ದುಡ್ಡು ತರಲಿ. ಇಲ್ಲಾಂದ್ರೆ ಬ್ಲಪ್ 100 ಅನ್ನೋ ಹೆಸರು ತೋರಿಸಿ ಮಾರಿ.

ಮಗಳನ್ನು ಮಾತ್ರ ಯಾರು ಕೇಳಿದ್ರೂ ಕೊಡಬೇಡಿ. ಆದ್ರೆ ಈಗಲೇ ಮರಿನೂ ಹಾಕಿಸಬೇಡಿ. ಈ ಆಟದಲ್ಲಿ ಬ್ಲಪ್ ಮೈನಸ್ 100ರಿಂದ 100ರವರೆಗೆ ಹೋಗುತ್ತೆ. ನೂರು ತಲುಪೋಕೆ ಕುದುರೆಗೆ 10 ವರ್ಷ ತುಂಬಬೇಕು, ಅದು ಎಲ್ಲಕ್ಕಿಂತ ಮುಂದಿರೋ ಮೂರು ಕೌಶಲದಲ್ಲಿ ಪೂರ್ತಿ ತರಬೇತಿ ಆಗಬೇಕು, 20 ಸ್ಪರ್ಧೆ ಗೆಲ್ಲಬೇಕು. ಅಪ್ಪ ಅಮ್ಮ ಇಬ್ಬರದೂ ನೂರು ಇದ್ದಾಗಲೇ ಅವರ ಜಿಪಿಯ ಪೂರ್ತಿ ಲಾಭ ಮರಿಗೆ ಸಿಗೋದು. ಅವಸರ ಮಾಡಿದ್ರೆ ಒಳ್ಳೆ ಹೆಣ್ಣಿನ ಹೊಟ್ಟೆಯಲ್ಲಿ ಸಾಧಾರಣ ಮರಿ ಹುಟ್ಟುತ್ತೆ. ಅಷ್ಟರಲ್ಲಿ 11 ತಿಂಗಳ ಗಬ್ಬ ವೇಸ್ಟ್.

ತಾಯಿ? ಮಗಳು ತಾಯಿಯನ್ನು ಮೀರಿದ ಮೇಲೆ ತಾಯಿ ಕೆಲಸ ಮುಗೀತು. ಫಾರ್ಮ್ ಲೆಕ್ಕದಲ್ಲಿ ಮಾರೋದೇ ಸರಿ.

ಅದೇ ಸದಸ್ಯರು: ಹಾಗಾದ್ರೆ ಮಗಳಿಗೆ ಗಂಡು ಎಲ್ಲಿಂದ ತರಲಿ? ನನ್ನ ಹತ್ರ ಇನ್ನೊಂದು ಒಳ್ಳೆ ಗಂಡು ಇಲ್ವಲ್ಲ.

ಉತ್ತರ: ಇರಬೇಕಾಗೂ ಇಲ್ಲ. ಹೊಸಬರೆಲ್ಲ ಎಡವೋ ಜಾಗ ಇದು. ಹುಟ್ಟಿದ ಗಂಡನ್ನೆಲ್ಲ "ಬೀಜಕ್ಕೆ ಇರಲಿ" ಅಂತ ಕಟ್ಟಿಕೊಳ್ತಾರೆ. ಹೆಣ್ಣು ಕುದುರೆ ವರ್ಷಕ್ಕೆ ಒಂದೇ ಮರಿ ಕೊಡುತ್ತೆ. ಒಂದು ಗಂಡು ಒಂದೇ ಸೀಸನ್‌ನಲ್ಲಿ ನೂರಕ್ಕೂ ಜಾಸ್ತಿ ಹೆಣ್ಣುಗಳಿಗೆ ಸಾಕು. ಅಂದ್ರೆ ಹೆಣ್ಣನ್ನು ಸಾಕಬೇಕು, ಗಂಡನ್ನು ಬಾಡಿಗೆಗೆ ತರಬೇಕು. ರೇಸಿನ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವೇ ಇಲ್ಲ. ಆದ್ದರಿಂದ ಹೆಣ್ಣನ್ನೇ ಲಾರಿ ಹತ್ತಿಸಿ ಗಂಡಿರೋ ಫಾರ್ಮಿಗೆ ಕಳಿಸ್ತಾರೆ, ಫೀಸ್ ಕಟ್ತಾರೆ. ಟಿಪ್ಪು ಕಾಲದಿಂದ ಕುದುರೆ ಕಂಡಿರೋ ಕುಣಿಗಲ್ ಕಡೆಯವರನ್ನು ಕೇಳಿ, ಇದೇ ಲೆಕ್ಕ ಹೇಳ್ತಾರೆ.

ನಿಮ್ಮ ಆಟದಲ್ಲಿ ಲಾರಿ ಖರ್ಚೂ ಇಲ್ಲ. ಫೀಸ್ ಕೊಟ್ಟು ನಿಮಗಿಂತ ದೊಡ್ಡ ಆಟಗಾರರ ಗಂಡಿಗೆ ಬಿಡಿ. ಒಂದೇ ಒಂದು ನೋಡಿಕೊಳ್ಳಿ: ಮಗಳ ಮೇಲಿನ ಮೂರು ಕೌಶಲ ಯಾವುದೋ, ಗಂಡಿಗೂ ಅವೇ ಮೇಲಿರಲಿ. ಜಂಪಿಂಗ್ ಹೆಣ್ಣಿಗೆ ಟ್ರಾಟ್ ಗಂಡು ಹಾಕಿದ್ರೆ ಮರಿ ಎರಡಕ್ಕೂ ಇಲ್ಲದ ಹಾಗೆ ಆಗುತ್ತೆ.

ಬ್ಲಪ್ ಬಗ್ಗೆ ಒಂದು ಮಾತು. ಈ ಲೆಕ್ಕ ಆಟದವರ ಕಲ್ಪನೆ ಅಲ್ಲ. ಹಾಲಿನ ದನಗಳ ಆಯ್ಕೆಗೆ ಅಂತ ಅಮೆರಿಕದ ತಳಿ ವಿಜ್ಞಾನಿ ಚಾರ್ಲ್ಸ್ ಹೆಂಡರ್ಸನ್ ಕಟ್ಟಿದ್ದು. ಫ್ರಾನ್ಸ್‌ನಲ್ಲಿ ಜಂಪಿಂಗ್ ಕುದುರೆಗಳಿಗೂ ಬಳಸ್ತಾರೆ. ಆಟ ಮಾಡಿದ್ದೂ ಫ್ರಾನ್ಸ್ ಕಂಪನಿನೇ. ಆದ್ರೆ ನಿಜವಾದ ಬ್ಲಪ್‌ನಲ್ಲಿ ಅಪ್ಪ, ಅಮ್ಮ, ಅಣ್ಣ ತಮ್ಮ, ಮಕ್ಕಳು ಎಲ್ಲರ ಫಲಿತಾಂಶ ಸೇರಿಸಿ ಒಂದು ಕುದುರೆ ಮರಿಗೆ ಎಷ್ಟು ಕೊಡಬಹುದು ಅಂತ ಅಂದಾಜು ಮಾಡ್ತಾರೆ. ಹತ್ತು ವರ್ಷ ತುಂಬಿದ್ದಕ್ಕೆಲ್ಲ ಅಲ್ಲಿ ಮಾರ್ಕ್ಸ್ ಕೊಡೋದಿಲ್ಲ!

ಇನ್ನೊಬ್ಬರು: ನಾನು ಹಾರ್ಸ್ ರಿಯಾಲಿಟಿ ಅನ್ನೋ ಇನ್ನೊಂದು ಕುದುರೆ ಆಟ ಆಡ್ತೀನಿ ಸರ್. ಅದರಲ್ಲಿ ಬಣ್ಣ ನಿಜವಾದ ಜೀನ್ ಪ್ರಕಾರ ಬರುತ್ತಂತೆ. ಪ್ಯಾಲೊಮಿನೊ ಬಣ್ಣದ ಮರಿಗೆ ಬೇಡಿಕೆ ಇದೆ. ಎರಡು ಪ್ಯಾಲೊಮಿನೊ ಸೇರಿಸಿದ್ರೂ ಬೇರೆ ಬಣ್ಣ ಬರ್ತಿದೆ. ಯಾಕೆ?

ಉತ್ತರ: ಹೊಂಬಣ್ಣದ ಮೈ, ಬಿಳಿ ಕೇಸರ, ಯಾರಿಗೆ ಇಷ್ಟ ಆಗಲ್ಲ. ಪ್ರತಿ ಜೀನೂ ಎರಡು ಪಾಲು, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಪ್ಯಾಲೊಮಿನೊ ಅಂದ್ರೆ ಕೆಂಚು ಕುದುರೆಗೆ ಬಣ್ಣ ತಿಳಿ ಮಾಡೋ ಕ್ರೀಮ್ ಜೀನ್ ಒಂದು ಪಾಲು ಸೇರಿದ್ದು. ಎರಡು ಪಾಲು ಸೇರಿದ್ರೆ ನೀಲಿ ಕಣ್ಣಿನ, ತಿಳಿ ಕೆನೆ ಬಣ್ಣದ ಕ್ರೆಮೆಲೊ. ಎರಡು ಪ್ಯಾಲೊಮಿನೊ ಸೇರಿಸಿದ್ರೆ ನೂರಕ್ಕೆ 50 ಪ್ಯಾಲೊಮಿನೊ, 25 ಕೆಂಚು, 25 ಕ್ರೆಮೆಲೊ. ಪ್ರತಿ ಮರಿಗೂ ಅದೇ ಅವಕಾಶ. ಹಿಂದಿನ ಸಲ ಕೆಂಚು ಬಂತು, ಈ ಸಲ ಬರಲ್ಲ ಅನ್ನೋ ಹಾಗಿಲ್ಲ.

ನಿಮಗೆ ಪ್ಯಾಲೊಮಿನೊ ಮಾತ್ರ ಬೇಕಾ? ಎಲ್ಲರೂ ಬಿಟ್ಟುಹಾಕೋ ಒಂದು ಕ್ರೆಮೆಲೊ ಕಮ್ಮಿ ರೇಟಿಗೆ ಕೊಂಡು ಕೆಂಚಿಗೆ ಸೇರಿಸಿ. ಬೇರೆ ಜೀನ್ ಏನೂ ಸೇರದಿದ್ರೆ ಹುಟ್ಟೋ ಮರಿ ಎಲ್ಲಾ ಪ್ಯಾಲೊಮಿನೊನೇ. ಕೊಳ್ಳುವಾಗ ಇನ್ನೊಂದು ನೋಡಿ: ಅಪ್ಪ ಅಮ್ಮಂದಿರಲ್ಲಿ ಯಾರಾದ್ರೂ ಗ್ರೇ ಇದ್ದಾರಾ? ಗ್ರೇ ಜೀನ್ ಇರೋ ಮರಿ ಹುಟ್ಟುವಾಗ ಕಪ್ಪೋ ಕೆಂಚೋ ಇರುತ್ತೆ, ಬೆಳೀತಾ ಬೆಳೀತಾ ಬೆಳ್ಳಗಾಗುತ್ತೆ. ಬಣ್ಣ ನೋಡಿ ದುಬಾರಿ ಮರಿ ಕೊಂಡವರು ಆಮೇಲೆ ಕೈ ಹಿಸುಕಿಕೊಳ್ತಾರೆ.

ಫ್ರೇಮ್ ಅನ್ನೋ ಬಿಳಿ ಮಚ್ಚೆಯ ಜೀನ್ ಇರೋ ಎರಡು ಕುದುರೆಗಳನ್ನಂತೂ ಸೇರಿಸಲೇಬೇಡಿ. ನಾಲ್ಕರಲ್ಲಿ ಒಂದು ಮರಿ ಪೂರ್ತಿ ಬೆಳ್ಳಗೆ ಹುಟ್ಟುತ್ತೆ, ಕರುಳು ಕೆಲಸ ಮಾಡದೆ ಸಾಯುತ್ತೆ. ನಿಜ ಜೀವನದ ಮಾತು ಇದು.

ಮೂರನೇ ಸದಸ್ಯರು: ಅದೇ ಆಟದಲ್ಲಿ ಮೈಕಟ್ಟಿನ ಪ್ರದರ್ಶನಗಳಿವೆ. ನಾನು ಗೆದ್ದವುಗಳಿಂದ ಮಾತ್ರ ಮರಿ ತೆಗೀತೀನಿ. ಇದಕ್ಕಿಂತ ಸೇಫ್ ದಾರಿ ಇದೆಯಾ?

ಉತ್ತರ: ಆಟದಲ್ಲಿ ನಡೆಯುತ್ತೆ. ಆದ್ರೆ ಇಂಪ್ರೆಸಿವ್ ಅನ್ನೋ ಕುದುರೆ ಕಥೆ ಹೇಳ್ತೀನಿ, ಕೇಳಿ.

ಅಮೆರಿಕದಲ್ಲಿ 1969ರಲ್ಲಿ ಹುಟ್ಟಿದ ಕ್ವಾರ್ಟರ್ ಹಾರ್ಸ್ ತಳಿಯ ಗಂಡು ಅದು. 1974ರಲ್ಲಿ ಮೈಕಟ್ಟಿನ ಪ್ರದರ್ಶನದಲ್ಲಿ ವರ್ಲ್ಡ್ ಚಾಂಪಿಯನ್ ಆಯ್ತು. ಉಬ್ಬಿದ ಮಾಂಸಖಂಡ, ಕೆತ್ತಿದ ಹಾಗಿರೋ ಮೈ. ತೀರ್ಪುಗಾರರಿಗೆ ಇಷ್ಟ ಆಯ್ತು. ಎಲ್ಲರೂ ತಮ್ಮ ಹೆಣ್ಣುಗಳನ್ನು ಅದಕ್ಕೇ ಬಿಟ್ಟರು. ಎರಡು ಸಾವಿರಕ್ಕೂ ಜಾಸ್ತಿ ಮರಿ. ಆ ಮರಿಗಳೂ ಪ್ರದರ್ಶನದಲ್ಲಿ ಗೆದ್ದವು, ಅವುಗಳಿಂದ ಮತ್ತೆ ಮರಿ.

ಆಮೇಲೆ ಗೊತ್ತಾಯ್ತು, ಆ ವಂಶದಲ್ಲಿ ಒಂದು ಮಾಂಸಖಂಡದ ಕಾಯಿಲೆ ಓಡಾಡ್ತಿದೆ ಅಂತ. ಚೆನ್ನಾಗಿ ನಿಂತಿದ್ದ ಕುದುರೆಯ ಚರ್ಮದ ಕೆಳಗೆ ಸಣ್ಣಗೆ ನಡುಕ ಶುರುವಾಗುತ್ತೆ, ಬೆವರುತ್ತೆ, ಹಿಂಗಾಲು ಸೋಲುತ್ತೆ. ಕೆಲವು ಬಿದ್ದು ಸಾಯ್ತವೆ. ರಕ್ತದಲ್ಲಿ ಪೊಟ್ಯಾಷಿಯಂ ಏರೋದರಿಂದ ಆಗೋದು. ಒಂದೇ ಪಾಲು ಜೀನ್ ಇದ್ರೂ ಬರುತ್ತೆ. ಕಾರಣವಾದ ಜೀನ್ ಸಿಕ್ಕಿದ್ದು 1992ರಲ್ಲಿ. 2007ರಿಂದ ಹುಟ್ಟಿದ ಮರಿಗಳಲ್ಲಿ ಎರಡೂ ಪಾಲು ಇದ್ದರೆ ಅಲ್ಲಿನ ಕ್ವಾರ್ಟರ್ ಹಾರ್ಸ್ ಸಂಘ ನೋಂದಣಿ ಮಾಡೋದಿಲ್ಲ. ಮೋಸ ಮಾಡಿದವರು ಯಾರೂ ಇಲ್ಲ ಇಲ್ಲಿ. ತೀರ್ಪುಗಾರರು ಕಣ್ಣಿಗೆ ಕಂಡದ್ದಕ್ಕೆ ಮಾರ್ಕ್ಸ್ ಕೊಟ್ಟರು, ಅಷ್ಟೇ.

ಆದ್ರಿಂದ ಪ್ರದರ್ಶನ ಗೆದ್ದ ಗಂಡನ್ನು ತಕ್ಷಣ ಎಲ್ಲಾ ಹೆಣ್ಣುಗಳಿಗೂ ಬಿಡಬೇಡಿ. ಮೊದಲು ಮೂರು ನಾಲ್ಕು ಹೆಣ್ಣುಗಳಿಗೆ ಬಿಟ್ಟು ನೋಡಿ, ಅವೂ ಬೇರೆ ಬೇರೆ ವಂಶದವು ಇರಲಿ. ಮರಿಗಳು ತಾಯಿಗಿಂತ ಮೇಲಿದ್ರೆ ಮುಂದುವರಿಸಿ. ಒಂದು ಒಳ್ಳೆ ಮರಿ ನೋಡಿ ನಂಬೋಕಾಗಲ್ಲ. ಎಂಥ ಭಾರಿ ಜೋಡಿಯ ಮರಿಗಳೂ ಸರಾಸರಿ ಕಡೆಗೆ ಸ್ವಲ್ಪ ಜಾರೋದು ಸಹಜ.

ಮೊದಲ ಸದಸ್ಯರು: ಮರಿಗಳನ್ನು ಯಾವಾಗ ಮಾರೋದು ಒಳ್ಳೇದು ಡಾಕ್ಟ್ರೇ? ಬೆಳೆಸಿ ಮಾರಿದ್ರೆ ರೇಟ್ ಜಾಸ್ತಿ ಅಲ್ವಾ?

ಉತ್ತರ: ರೇಟ್ ಜಾಸ್ತಿ, ಖರ್ಚೂ ಜಾಸ್ತಿ. ರೇಸ್ ಕುದುರೆಗಳನ್ನೂ ಒಂದು ವರ್ಷದ ಮರಿ ಇದ್ದಾಗಲೇ ಹರಾಜಿಗೆ ಹಾಕೋದುಂಟು. ಇನ್ನೂ ಒಂದು ರೇಸೂ ಓಡಿರೋದಿಲ್ಲ. ಕೊಳ್ಳೋರು ವಂಶ ನೋಡ್ತಾರೆ, ಕಾಲು ನೋಡ್ತಾರೆ, ನಡಿಗೆ ನೋಡ್ತಾರೆ, ಆಸೆಗೆ ದುಡ್ಡು ಕೊಡ್ತಾರೆ. ನಿಮ್ಮ ಮರಿನೂ ಹಾಗೇ: ಜಿಪಿ ತಾಯಿಗಿಂತ ಕಮ್ಮಿ ಬಂತಾ, ಎಳೆಯದಿದ್ದಾಗಲೇ ಮಾರಿ. ಇಟ್ಟುಕೊಂಡ ಪ್ರತಿ ಕುದುರೆಗೂ ದಿನಾ ಮೇವು, ಮೈ ಉಜ್ಜೋದು, ಮಲಗಿಸೋದು ಇರುತ್ತಲ್ಲ. ಅದು ನಿಮ್ಮ ಟೈಮ್.

ಮೊದಲ ಸದಸ್ಯರು: ಎಲ್ಲಾ ಸರಿ. ಆದ್ರೆ ಆ ತಾಯಿ ಕುದುರೆ ಮಾರೋಕೆ ಮನಸ್ಸೇ ಬರ್ತಿಲ್ಲ.

ಉತ್ತರ: ಮಾರಬೇಡಿ ಬಿಡಿ. ಫಾರ್ಮ್‌ಗಳಲ್ಲೂ ಅಂಥ ಒಂದೆರಡು ಇದ್ದೇ ಇರ್ತವೆ. ಮರಿ ಮಾತ್ರ ಹಾಕಿಸಬೇಡಿ. ಆ ಗಂಡನ್ನು ಈ ವಾರ ಮಾರಾಟಕ್ಕೆ ಹಾಕಿ, ಬಂದ ದುಡ್ಡನ್ನು ಮಗಳ ಫೀಸಿಗೆ ಇಟ್ಟುಕೊಳ್ಳಿ.